ಸರಕು ಸಾಗಣೆಯ ಲೆಕ್ಕಾಚಾರ

ಸುವರ್ಣ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದಾಗ, ಶಿಕ್ಷಣದ ಕುರಿತು ಬರೆಯಲು ನನಗಿಂತ ಸಮರ್ಥರು ಇದ್ದಾರೆಂದು ಭಾವಿಸಿ ಲಾರಿಯ ವಿಷಯವನ್ನು ಆರಿಸಿಕೊಂಡೆನು. ಓದುಗರು ನಗಬಾರದು. ವಾಸ್ಕೋದಲ್ಲಿ ನಾನು ಪಾಠ ಹೇಳಿದ ಮಕ್ಕಳ ತಂದೆಯರಲ್ಲಿ ಅನೇಕರು ಲಾರಿ ಚಾಲಕರು, ಕ್ಲೀನರುಗಳು, ಬಂದರಿನ ಹಮಾಲರು. ಅವರು ಹೊತ್ತು ತಂದುದನ್ನೇ ನಾವೆಲ್ಲರೂ ಉಂಡಿದ್ದೇವೆ.

ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಒಂದು ವರ್ಷ, ಜೂನ್ ತಿಂಗಳಲ್ಲಿ ಹುಬ್ಬಳ್ಳಿಯಿಂದ ಹೊರಟ ಪಠ್ಯಪುಸ್ತಕಗಳ ಗಂಟುಗಳು ಆಗಸ್ಟ್ ಬಂದರೂ ತಲುಪಲಿಲ್ಲ. ಲಾರಿ ರಸೀದಿ ನನ್ನ ಕೈಯಲ್ಲಿತ್ತು. ಸಾಗಣೆ ಕಚೇರಿಗೆ ಹೋದಾಗಲೆಲ್ಲ, "ದಾರ್‍ಯಾಗ ಐತ್ರಿ ಸರ, ನಾಳೆ ಬರ್ತೈತಿ" ಎಂಬ ಒಂದೇ ಉತ್ತರ. ಮಕ್ಕಳು ಕಪ್ಪುಹಲಗೆಯಿಂದ ಪಾಠಗಳನ್ನು ನಕಲು ಮಾಡಿಕೊಂಡರು. ಕೊನೆಗೆ ಬೆಳಗಾವಿಯ ಒಂದು ಗೋದಾಮಿನಲ್ಲಿ ಸಿಮೆಂಟ್ ಚೀಲಗಳ ಹಿಂದೆ ಗಂಟುಗಳು ಸಿಕ್ಕವು. ಅರ್ಧದಷ್ಟು ಪುಸ್ತಕಗಳಿಗೆ ತೇವ ತಗುಲಿತ್ತು. ಯಾರೂ ಕದ್ದಿರಲಿಲ್ಲ. ಲಾರಿ ಬದಲಾಯಿಸುವಾಗ ಎಲ್ಲಿ ಇಳಿಸಿದೆವೆಂದು ಯಾರೂ ಬರೆದಿಡಲಿಲ್ಲ, ಅಷ್ಟೆ.

ಈ ಲೋಪವನ್ನು ನೀಗಲು ಈಗ ಗಣಕಯಂತ್ರದಲ್ಲಿ ನಡೆಯುವ 'ಸಾರಿಗೆ ನಿರ್ವಹಣಾ ವ್ಯವಸ್ಥೆ' ಬಂದಿದೆ. ವೆರ್ಣಾ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಸರಕು ರವಾನೆ ನೋಡಿಕೊಳ್ಳುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಅದನ್ನು ತೋರಿಸಿದನು. ಬೇಡಿಕೆ ಬಂದೊಡನೆ ಸರಕಿನ ತೂಕ, ಗಾತ್ರ, ತಲುಪಬೇಕಾದ ಊರು, ದಿನ ಇವೆಲ್ಲ ದಾಖಲಾಗುತ್ತವೆ. ಹುಬ್ಬಳ್ಳಿಗೆ 3 ಟನ್, ಧಾರವಾಡಕ್ಕೆ 4 ಟನ್, ಬೆಳಗಾವಿಗೆ 2 ಟನ್ ಸರಕು ಇದೆಯೆನ್ನೋಣ. ಹಿಂದೆ ಮೂರು ಗುಮಾಸ್ತರು ಮೂರು ಲಾರಿ ಕರೆಸುತ್ತಿದ್ದರು. ಯಂತ್ರವು ಮೂರನ್ನೂ ಕೂಡಿಸಿ 9 ಟನ್ನಿನ ಒಂದೇ ಲಾರಿಯನ್ನು ಸೂಚಿಸುತ್ತದೆ. ಮೊದಲು ಇಳಿಯಬೇಕಾದುದು ಕೊನೆಗೆ ಏರಬೇಕೆಂಬುದನ್ನೂ ಹೇಳುತ್ತದೆ. ಒಪ್ಪಿದ ಬಾಡಿಗೆಗೂ ಬಂದ ಬಿಲ್ಲಿಗೂ ತಾಳೆ ನೋಡುತ್ತದೆ. ಗಣಿತ ಕಲಿಸಿದ ನನಗೆ ಇದರಲ್ಲಿ ಮಾಯೆಯೇನೂ ಕಾಣಲಿಲ್ಲ; ಬೇಸರವಿಲ್ಲದೆ ಮಾಡುವ ಕೂಡುವ ಕಳೆಯುವ ಲೆಕ್ಕವಷ್ಟೆ.

ಆದರೆ ಹಿಂದಿರುಗುವ ಲಾರಿಯ ಪ್ರಶ್ನೆ ದೊಡ್ಡದು. ಬೆಳಗಾವಿಯ ತರಕಾರಿ ಗೋವೆಗೆ ಬರುತ್ತದೆ. ಇಳಿಸಿದ ಲಾರಿ ಖಾಲಿ ಹೋದರೂ ಡೀಸೆಲ್ ಉರಿಯುತ್ತದೆ, ಆ ವೆಚ್ಚ ಬದನೆಕಾಯಿಯ ಬೆಲೆಗೆ ಸೇರುತ್ತದೆ. ಆ ಲಾರಿಗೆ ಅದೇ ದಿನ ಮರುಹೊರೆ ಹುಡುಕುವುದು ಈ ವ್ಯವಸ್ಥೆಯ ಬಹುಮುಖ್ಯ ಉಪಯೋಗವೆಂದು ನನ್ನ ಅಭಿಪ್ರಾಯ.

ಕಾನೂನೂ ಲೆಕ್ಕವನ್ನು ಬಿಗಿಗೊಳಿಸಿದೆ. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸಾಗಣೆಯಲ್ಲಿ 50,000 ರೂಪಾಯಿ ಮೀರಿದ ಸರಕಿಗೆ ಸಾಮಾನ್ಯವಾಗಿ ಇ-ವೇ ಬಿಲ್ ಬೇಕಾಯಿತು. 2021ರಿಂದ ಅದರ ಅವಧಿ ಸಾಧಾರಣ ಸರಕಿಗೆ 200 ಕಿ.ಮೀ.ಗೆ ಒಂದು ದಿನ. ಮಳೆಗಾಲದಲ್ಲಿ ಘಟ್ಟದಲ್ಲಿ ಮಣ್ಣು ಕುಸಿದು ಲಾರಿ ನಿಂತರೆ ಕಾಗದದ ಆಯುಷ್ಯವನ್ನೂ ಲಂಬಿಸಬೇಕು. ಅದನ್ನೂ ಯಂತ್ರವೇ ನೆನಪಿಸುತ್ತದೆ.

ಇನ್ನು ಚಾಲಕನ ಮಾತು. ಗೋವಾ ವಿಮೋಚನೆಯಾದ 1961ರಲ್ಲಿಯೇ ಮೋಟಾರು ಸಾರಿಗೆ ಕೆಲಸಗಾರರ ಅಧಿನಿಯಮವು ದಿನಕ್ಕೆ 8 ಗಂಟೆಯ ಮಿತಿಯನ್ನೂ, 5 ಗಂಟೆಯ ದುಡಿಮೆಗೆ ಅರ್ಧ ಗಂಟೆಯ ವಿಶ್ರಾಂತಿಯನ್ನೂ ವಿಧಿಸಿತ್ತು. ಆದರೂ ಎರಡು ರಾತ್ರಿ ನಿದ್ದೆಗೆಟ್ಟು ಕೆಂಗಣ್ಣಿನಿಂದ ಮಗನ ಫೀಸು ಕಟ್ಟಲು ಬಂದ ತಂದೆಯರನ್ನು ನಾನು ಕಂಡಿದ್ದೇನೆ. 1999ರ ಜನವರಿಯಲ್ಲಿ ಕೊಂಕಣ ರೈಲ್ವೆಯವರು ಕೋಲಾಡ ಮತ್ತು ವೆರ್ಣಾ ನಡುವೆ ಲಾರಿಗಳನ್ನೇ ರೈಲಿನ ಮೇಲೆ ಏರಿಸಿ ಒಯ್ಯುವ ರೋ-ರೋ ಸೇವೆ ಆರಂಭಿಸಿದಾಗ, ಡೀಸೆಲ್ ಉಳಿತಾಯವನ್ನು ಎಲ್ಲರೂ ಹೊಗಳಿದರು. ಚಾಲಕನು ತನ್ನ ಲಾರಿಯಲ್ಲಿಯೇ ಮಲಗಿಕೊಂಡು ಹೋಗಬಹುದೆಂಬುದು ನನಗೆ ಅದಕ್ಕಿಂತ ಹಿರಿದಾಗಿ ಕಂಡಿತು.

ಯಂತ್ರ ಸೂಚಿಸಿದ ವೇಳಾಪಟ್ಟಿಯಲ್ಲಿ ನಿದ್ದೆಗೆ ಸ್ಥಳವಿದೆಯೇ ಎಂದು ನನ್ನ ವಿದ್ಯಾರ್ಥಿಯನ್ನು ಕೇಳಿದೆನು. ಅವನು ಸ್ವಲ್ಪ ಸಂಕೋಚದಿಂದ, "ಮೊದಲು ಇರಲಿಲ್ಲ ಸರ್. ಅನಮೋಡ ಘಟ್ಟವನ್ನೂ ಬಯಲು ರಸ್ತೆಯಂತೆಯೇ ಲೆಕ್ಕ ಹಾಕುತ್ತಿತ್ತು. ಅಪ್ಪನನ್ನು ಕೂರಿಸಿಕೊಂಡು ತಿದ್ದಿದೆ" ಎಂದನು. ಆ ತಂದೆ ಮೂವತ್ತು ವರ್ಷ ಅದೇ ದಾರಿಯಲ್ಲಿ ಲಾರಿ ಓಡಿಸಿದವರು. ಮಂಜಿನ ತಿಂಗಳುಗಳಿಗೆ ಎಷ್ಟು ಹೊತ್ತು, ಚಹಾಕ್ಕೆ ಎಲ್ಲಿ ನಿಲ್ಲಬೇಕು, ಎಲ್ಲಿ ಮಲಗಬೇಕು ಎಂಬುದನ್ನೆಲ್ಲ ಅವರು ಹೇಳುತ್ತ ಹೋದರಂತೆ, ಮಗನು ಯಂತ್ರಕ್ಕೆ ತುಂಬುತ್ತ ಹೋದನಂತೆ.