ರೇಷ್ಮೆ ಕೋಳಿಯೂ ಮುಂಗಾರು ಮಳೆಯೂ

ಕೋಳಿ ಸಾಕಣೆಯು ನಮ್ಮ ಕಾಸರಗೋಡಿನ ಹಳ್ಳಿಗಳಿಗೆ ಹೊಸತಲ್ಲ. ಹಿತ್ತಿಲಿನ ಮೂಲೆಯಲ್ಲೊಂದು ಗೂಡು, ಅಂಗಳದಲ್ಲಿ ಕೆದಕುತ್ತ ತಿರುಗುವ ಹತ್ತಾರು ಊರಕೋಳಿಗಳು, ಮುಂಜಾವದಲ್ಲಿ ಹುಂಜದ ಕೂಗು. ಇವಿಲ್ಲದ ಮನೆಗಳು ನನ್ನ ಬಾಲ್ಯದಲ್ಲಿ ನಮ್ಮ ನೆರೆಕರೆಯಲ್ಲಿ ವಿರಳವಾಗಿದ್ದುವು. ಹೀಗೆ ಕೋಳಿಗಳ ನಡುವೆಯೇ ಬೆಳೆದ ನನಗೆ ಆ ವಿಚಾರದಲ್ಲಿ ಇನ್ನು ಕಲಿಯಬೇಕಾದುದು ಏನೂ ಉಳಿದಿಲ್ಲವೆಂಬ ಭಾವನೆಯಿತ್ತು. ಆ ಭಾವನೆ ಎಷ್ಟು ಟೊಳ್ಳೆಂಬುದನ್ನು 2022ನೆಯ ಇಸವಿಯ ಮುಂಗಾರಿನಲ್ಲಿ ಮುಷ್ಟಿಯೊಳಗೆ ಅಡಗುವಷ್ಟು ಸಣ್ಣ ನಾಲ್ಕು ಮರಿಗಳು ಸತ್ತು ತೋರಿಸಿಕೊಟ್ಟವು. ನನಗಾದುದು ಇನ್ನೊಬ್ಬರಿಗೆ ಆಗದಿರಲೆಂದು ಆ ಅನುಭವವನ್ನೂ, ಅದರಿಂದ ಕಲಿತುದನ್ನೂ ಇಲ್ಲಿ ಬರೆಯುತ್ತಿದ್ದೇನೆ.

ಆ ವರ್ಷದ ಮಾರ್ಚಿಯಲ್ಲಿ ನನ್ನ ಮಗಳು ಹೊಸದುರ್ಗದ ಕಡೆಯ ಗೆಳತಿಯ ಮನೆಯಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಹೊತ್ತು ತಂದಳು. ಒಳಗೆ ಒಂದು ಹುಂಜ, ಎರಡು ಹೇಂಟೆಗಳು. ಬೆಳ್ಳಗೆ ಹಿಂಜಿದ ಅರಳೆಯಂತಹ ಮೈ, ತಲೆಯ ಮೇಲೆ ಕಣ್ಣು ಮುಚ್ಚುವಷ್ಟು ದೊಡ್ಡ ಜುಟ್ಟು. ಎಂಬತ್ತು ದಾಟಿದ ನನ್ನ ಅಮ್ಮ ಜಗಲಿಯಿಂದ ಇಣುಕಿ ನೋಡಿ, “ಇದು ಕೋಳಿಯೋ ಬೆಕ್ಕಿನ ಮರಿಯೋ?” ಎಂದು ಕೇಳಿದರು.

ಅಮ್ಮನ ಪ್ರಶ್ನೆ ಹೊಸತಲ್ಲವೆಂದು ಆಮೇಲೆ ಓದಿ ತಿಳಿದುಕೊಂಡೆ. ಹದಿಮೂರನೆಯ ಶತಮಾನದ ಕೊನೆಯಲ್ಲಿ ಚೀನಾದೇಶದಲ್ಲಿ ಸಂಚರಿಸಿದ ವೆನಿಸಿನ ಮಾರ್ಕೋ ಪೋಲೋ ತನ್ನ ಪ್ರವಾಸ ಕಥನದಲ್ಲಿ, ಗರಿಗಳಿಗೆ ಬದಲಾಗಿ ಬೆಕ್ಕಿನಂತೆ ರೋಮವಿರುವ ಕೋಳಿಗಳನ್ನು ಹೇಳಿದ್ದಾನೆ. ಮುಂದೆ ಈ ಕೋಳಿಗಳು ಯುರೋಪಿಗೆ ಬಂದಾಗ, ಇವು ಮೊಲಕ್ಕೂ ಕೋಳಿಗೂ ಹುಟ್ಟಿದವೆಂದು ಹೇಳಿ ಮಾರಿದವರೂ ಇದ್ದರಂತೆ! ಇವುಗಳ ಮೂಲಸ್ಥಾನ ಚೀನಾ ಎಂಬುದೇ ಬಹುಮತ. ಅಲ್ಲಿಯ ಜಿಯಾಂಗ್‌ಶಿ ಪ್ರಾಂತದ ತೈಹೆ ಎಂಬ ಸೀಮೆ ಇಂತಹ ಕೋಳಿಗಳಿಗೆ ಹೆಸರಾದುದು. ಬಾಣಂತಿಯರಿಗೂ ನಿತ್ರಾಣರಾದವರಿಗೂ ಇದರ ಸಾರು ಕೊಡುವ ರೂಢಿ ಚೀನೀಯರಲ್ಲಿ ಇಂದಿಗೂ ಉಂಟು. ಇಂಗ್ಲಿಷಿನ ‘ಸಿಲ್ಕಿ’ ಎಂಬ ಹೆಸರನ್ನೇ ನಮ್ಮವರೂ ಬಳಸುತ್ತಾರೆ. ನಾನು ‘ರೇಷ್ಮೆ ಕೋಳಿ’ ಎನ್ನುತ್ತೇನೆ. ಅಮೆರಿಕದಲ್ಲಿ ಇದನ್ನು ಬ್ಯಾಂಟಮ್, ಅಂದರೆ ಗಿಡ್ಡ ತಳಿಗಳ ಗುಂಪಿಗೆ ಸೇರಿಸಿದ್ದಾರೆ. ಜಾವಾ ದ್ವೀಪದ ಬಾಂಟೆನ್ ಎಂಬ ಬಂದರಿನಿಂದ ಬಂದ ಶಬ್ದವದು. ಅಲ್ಲಿಯ ಲೆಕ್ಕದಂತೆ ಹುಂಜ ಸುಮಾರು ಒಂದು ಕಿಲೋ, ಹೇಂಟೆ 900 ಗ್ರಾಮಿನಷ್ಟು ತೂಗಬೇಕು.

ಇದರ ಚರ್ಮ ಕಪ್ಪು, ಎಲುಬೂ ಕಪ್ಪು. ಮಧ್ಯಪ್ರದೇಶದ ಝಾಬುವಾ ಜಿಲ್ಲೆಯ, 2018ರಲ್ಲಿ ಭೌಗೋಳಿಕ ಸೂಚಕ ಪಡೆದ ಕಡಕ್‌ನಾಥ್ ಕೋಳಿಯ ಮಾಂಸವೂ ಕಪ್ಪೇ. ಆದರೆ ಅದರ ಗರಿ ಸಾಧಾರಣ ಗರಿ. ಹೆಚ್ಚಿನ ಕೋಳಿಗಳ ಕಾಲಿನಲ್ಲಿ ನಾಲ್ಕು ಬೆರಳುಗಳಿದ್ದರೆ ರೇಷ್ಮೆ ಕೋಳಿಗೆ ಐದು. ಕಿವಿಯ ಹಾಲೆ ನೀಲಿಛಾಯೆಯದು.

ಗರಿಯ ಗುಟ್ಟು

ಇನ್ನು ಗರಿಯ ವಿಚಾರ. ಸಾಧಾರಣ ಗರಿಯ ನಡುವೆ ಒಂದು ದಂಟು, ಅದರ ಎರಡೂ ಬದಿಗೆ ಎಳೆಗಳು, ಆ ಎಳೆಗಳಿಗೆ ಮತ್ತೆ ಕಿರುಎಳೆಗಳು ಇರುತ್ತವೆ. ಈ ಕಿರುಎಳೆಗಳಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆಗಳಿದ್ದು, ಅವು ಒಂದನ್ನೊಂದು ಹಿಡಿದುಕೊಂಡು ಗರಿಯನ್ನು ಹೆಣೆದ ತಟ್ಟಿಯಂತೆ ಮಾಡುತ್ತವೆ. ಮಳೆಯ ನೀರು ಅದರ ಮೇಲಿನಿಂದ ಜಾರಿಹೋಗುತ್ತದೆ. ಗಾಳಿಯನ್ನು ತಡೆಹಿಡಿದು ಹಾರುವುದೂ ಸಾಧ್ಯವಾಗುತ್ತದೆ. ರೇಷ್ಮೆ ಕೋಳಿಯ ಗರಿಯಲ್ಲಿ ಈ ಕೊಕ್ಕೆಗಳ ಹಿಡಿತವಿಲ್ಲ. ಆದುದರಿಂದಲೇ ಅದು ನಯವಾಗಿ ನೂಲುನೂಲಾಗಿ ನಿಲ್ಲುತ್ತದೆ. ಆದುದರಿಂದಲೇ ನೀರನ್ನು ಅರಳೆಯಂತೆ ಹೀರುತ್ತದೆ, ಹಾರಲೂ ಬಾರದು. ಈ ಲಕ್ಷಣಕ್ಕೆ ಕಾರಣವಾದ ಅನುವಂಶೀಯ ಬದಲಾವಣೆ ಯಾವುದೆಂಬುದನ್ನು ವಿಜ್ಞಾನಿಗಳು 2014ರಲ್ಲಿ ಗುರುತಿಸಿದರು. ಮೆಂಡೆಲನ ಪಾಠವನ್ನು ಬಲ್ಲವರಿಗೆ ಹೇಳುವುದಾದರೆ, ಇದೊಂದು ಅಡಗುವ ಗುಣ. ಊರಕೋಳಿಯೊಡನೆ ಬೆರೆತರೆ ಮೊದಲ ತಲೆಮಾರಿನ ಮರಿಗಳಲ್ಲಿ ರೇಷ್ಮೆ ಗರಿ ಕಾಣುವುದಿಲ್ಲ. ಅಂತಹ ಬೆರಕೆಗಳೆರಡನ್ನು ಕೂಡಿಸಿದರೆ ನಾಲ್ಕರಲ್ಲೊಂದರಂತೆ ಅದು ಮರಳಿ ತೋರುತ್ತದೆ.

ಈ ಮಾತುಗಳನ್ನು ನಾನು ಈಗ ಸರಾಗವಾಗಿ ಬರೆಯುತ್ತಿದ್ದೇನೆ. ಅಂದು ನನಗೆ ಇದು ತಿಳಿದಿರಲಿಲ್ಲ. ತಿಳಿಯುವ ಪ್ರಯತ್ನವನ್ನೂ ನಾನು ಮಾಡಲಿಲ್ಲ.

ಜೂನ್ ತಿಂಗಳ ಒಂದು ಮಧ್ಯಾಹ್ನ

ಮೇ ತಿಂಗಳ ನಡುವಿನಲ್ಲಿ ದೊಡ್ಡ ಹೇಂಟೆ ಕಾವಿಗೆ ಕೂತಿತು. ರೇಷ್ಮೆ ಕೋಳಿಯಷ್ಟು ಕಾವಿನ ಹಂಬಲವುಳ್ಳ ಕೋಳಿ ಬೇರೆ ಇಲ್ಲವೆಂದರೆ ಉತ್ಪ್ರೇಕ್ಷೆಯಾಗದು. ಮೊಟ್ಟೆ ತೆಗೆದರೂ ಬರಿಯ ಉಮಿಯ ಮೇಲೆ ಕೂರುವ ಜಾತಿಯದು. ಎಂಟು ಮೊಟ್ಟೆಗಳನ್ನಿಟ್ಟೆವು. ಇಪ್ಪತ್ತನೆಯ ದಿನದಿಂದ ಇಪ್ಪತ್ತೊಂದನೆಯ ದಿನದೊಳಗೆ ಆರು ಮರಿಗಳು ಹೊರಬಂದವು.

ಶಾಲೆ ತೆರೆದು ಪ್ರವೇಶೋತ್ಸವ ಮುಗಿದ ಮರುವಾರವದು. ನನ್ನಾಕೆ ತವರಿಗೆ ಹೋಗಿದ್ದಳು, ಮಗಳು ಕಾಲೇಜಿನಲ್ಲಿದ್ದಳು. ಬೆಳಗ್ಗೆ ಬಿಸಿಲು ಕಂಡುದರಿಂದ, ಊರಕೋಳಿಯ ಮರಿಗಳನ್ನು ಬಿಡುವಂತೆಯೇ ತಾಯಿಯನ್ನೂ ಐದು ದಿನದ ಮರಿಗಳನ್ನೂ ಅಂಗಳಕ್ಕೆ ಬಿಟ್ಟು ಶಾಲೆಗೆ ಹೋದೆ. ಮಧ್ಯಾಹ್ನ ಒಮ್ಮೆಲೇ ಮಳೆ ಹೊಡೆಯಿತು. ನಮ್ಮ ಜಿಲ್ಲೆಯ ಮಳೆಯ ರಭಸವನ್ನು ಇಲ್ಲಿಯ ಓದುಗರಿಗೆ ವಿವರಿಸಬೇಕಾಗಿಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರು ಸುರಿಯುವ ಊರಿದು. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನೊಳಗೆ.

ಸಂಜೆ ಕೊಡೆ ಮಡಚಿ ಅಂಗಳಕ್ಕೆ ಕಾಲಿಡುವಾಗ ತೆಂಗಿನ ಬುಡದಲ್ಲಿ ಒಂದು ಒದ್ದೆ ಚಿಂದಿಯ ಮುದ್ದೆ ಕಂಡಿತು. ಹತ್ತಿರ ಹೋದರೆ ಅದು ನಮ್ಮ ಹೇಂಟೆ. ಎರಡೂ ರೆಕ್ಕೆಗಳನ್ನು ಅಗಲಿಸಿ ಕೂತಲ್ಲೇ ಕೂತಿತ್ತು, ಎತ್ತಹೋದರೆ ಕುಕ್ಕಿತು. ಅಡಿಯಲ್ಲಿ ನಾಲ್ಕು ಮರಿಗಳು ಸೆಟೆದುಹೋಗಿದ್ದವು. ಎರಡಕ್ಕೆ ಮಾತ್ರ ಕುಟುಕು ಜೀವವಿತ್ತು.

“ಊರಕೋಳಿಗಳೆಲ್ಲ ಸೂರಿನಡಿಗೆ ಓಡಿ ಬಂದವು ಮಗಾ. ಇದು ಓಡಲಿಲ್ಲ, ಮಳೆ ಬಿದ್ದಲ್ಲೇ ಮರಿಗಳನ್ನು ಹೊದ್ದು ಕೂತುಬಿಟ್ಟಿತು. ಕೂಗಿ ಕೂಗಿ ನನ್ನ ಗಂಟಲು ಬಿತ್ತು,” ಎಂದರು ಅಮ್ಮ. ಪಾಚಿ ಹಿಡಿದ ಅಂಗಳಕ್ಕೆ ಇಳಿಯುವ ಧೈರ್ಯ ಅವರಿಗಿರಲಿಲ್ಲ, ಇಳಿಯದಿದ್ದುದೇ ಒಳ್ಳೆಯದಾಯಿತು. ಆದರೆ ಅಂದು ರಾತ್ರಿ ಅವರು ಊಟ ಮಾಡಲಿಲ್ಲ.

ಬದುಕುಳಿದ ಎರಡು ಮರಿಗಳನ್ನು ಬಟ್ಟೆಯಲ್ಲಿ ಒರೆಸಿ, ಒಲೆಯ ಬಳಿ ಬೆಚ್ಚಗೆ ಇರಿಸಿದೆವು. ಸುದ್ದಿ ಕೇಳಿ ನೆರೆಮನೆಯ ಬೀಡಿ ಕಟ್ಟುವ ಅಕ್ಕ ಬಂದರು. ಹೇಂಟೆಯ ಬೆನ್ನಿನ ಗರಿಯನ್ನು ಬೆರಳಿನಿಂದ ಹಿಂಡಿದರು, ನೀರಿಳಿಯಿತು. “ಇದಕ್ಕೆ ತಾಯಿಯ ಮನಸ್ಸು ಉಂಟು ಮಾಷ್ಟ್ರೇ, ಮಾಡು ಇಲ್ಲ. ಮಾಡು ನೀವು ಹಾಕಿಸಿ ಕೊಡಬೇಕು,” ಎಂದರು.

ಅಧ್ಯಾಪಕ ತರಬೇತಿಯ ದಿನಗಳಿಂದ ಶಿಶುಪಾಲನೆಯ ಬಗ್ಗೆ ನಾನು ಓದಿದ ಪುಸ್ತಕಗಳು ಕಡಮೆಯಲ್ಲ. ಆದರೆ ಆ ಒಂದು ಮಾತಿನಲ್ಲಿದ್ದಷ್ಟು ಅರ್ಥ ನನಗೆ ಬೇರೆಲ್ಲೂ ಸಿಕ್ಕಿರಲಿಲ್ಲ. ಮನುಷ್ಯನು ತನ್ನ ಕಣ್ಣಿನ ಸುಖಕ್ಕಾಗಿ ಆರಿಸಿ ಆರಿಸಿ ಬೆಳೆಸಿದ ತಳಿಯಿದು. ಅಂದಕ್ಕಾಗಿ ಅದರ ಮಳೆಯಂಗಿಯನ್ನು ಕಳಚಿದವರು ನಾವು. ಅದರ ಒಂದೊಂದು ಅಲಂಕಾರವೂ ಒಂದೊಂದು ಕೊರತೆ. ಆ ಕೊರತೆಯನ್ನು ತುಂಬಿಕೊಡುವ ಹೊಣೆಯೂ ನಮ್ಮದೇ.

ಮಾಡು ಹಾಕಿದ ಬಗೆ

ಮೊದಲನೆಯದಾಗಿ ಗೂಡು. ನೆಲದಿಂದ ಎರಡಡಿ ಎತ್ತರಕ್ಕೆ ಮುರಕಲ್ಲಿನ ಕಂಬಗಳನ್ನೆಬ್ಬಿಸಿ, ಅಡಿಕೆಮರದ ಸಲಕೆಗಳಿಂದ ಗೂಡು ಕಟ್ಟಿಸಿದೆವು. ಎರಚಲು ಒಳಬರದಂತೆ ಮಾಡನ್ನು ಸುತ್ತಲೂ ಇಳಿಬಿಟ್ಟು, ಗಾಳಿಯಾಡಲು ಮೇಲ್ಭಾಗದಲ್ಲಿ ತೆರವಿಟ್ಟೆವು. ಹೆಗ್ಗಣ, ಮುಂಗುಸಿ, ಹಾವುಗಳು ನುಗ್ಗದಂತೆ ಸಣ್ಣ ಕಣ್ಣಿನ ತಂತಿಬಲೆ ಹೊಡೆಸಿದೆವು. ಈ ಕೋಳಿಗಳು ಎತ್ತರದ ಕೋಲಿನ ಮೇಲೇರಿ ಮಲಗುವುದು ಕಡಮೆ. ನೆಲದಲ್ಲೇ ಒತ್ತೊತ್ತಾಗಿ ಕೂರುತ್ತವೆ. ಆದುದರಿಂದ ಹಾಸಿದ ಉಮಿ ಸದಾ ಒಣಗಿರಬೇಕು. ಮಳೆಗಾಲದಲ್ಲಿ ಒದ್ದೆಯಾದುದನ್ನು ಅಂದಂದೇ ತೆಗೆದುಹಾಕುವುದು ನಮ್ಮ ಮನೆಯ ನಿಯಮ.

ಎರಡನೆಯದು ಕಾವು. ಮೊಟ್ಟೆಗಳನ್ನು ಚೂಪು ತುದಿ ಕೆಳಗಾಗಿ ತಂಪಾದೆಡೆಯಲ್ಲಿಡಬೇಕು. ಒಂದು ವಾರಕ್ಕಿಂತ ಹಳೆಯದಾದಂತೆ ಮರಿಯಾಗುವ ಸಂಭವ ಕುಗ್ಗುತ್ತದೆ. ಏಳನೆಯ ರಾತ್ರಿ ಕತ್ತಲಲ್ಲಿ ಟಾರ್ಚಿನ ಬೆಳಕಿಗೆ ಹಿಡಿದರೆ, ಜೀವವಿರುವ ಮೊಟ್ಟೆಯಲ್ಲಿ ಜೇಡನ ಕಾಲುಗಳಂತೆ ರಕ್ತನಾಳಗಳು ಕಾಣುತ್ತವೆ. ಕಾವಿಗೆ ಕೂತ ರೇಷ್ಮೆ ಕೋಳಿ ಅನ್ನನೀರನ್ನೇ ಮರೆಯುವುದುಂಟು. ದಿನಕ್ಕೊಮ್ಮೆ ಮೆಲ್ಲನೆ ಎತ್ತಿ ಹೊರಗಿಟ್ಟು, ತಿಂದು ಕುಡಿಯಲು ಅವಕಾಶ ಮಾಡಿಕೊಡಬೇಕು. ಬೂದಿ, ಮರಳು ಬೆರೆಸಿದ ತಟ್ಟೆಯೊಂದು ಹತ್ತಿರವಿದ್ದರೆ ಅದರಲ್ಲಿ ಹೊರಳಿ ಹೇನು ಕಳೆದುಕೊಳ್ಳುತ್ತದೆ.

ಮೊಟ್ಟೆಯೊಡೆಯುವ ಹೊತ್ತಿನಲ್ಲಿ ನಮ್ಮ ಕೈ ಸುಮ್ಮನಿರಬೇಕು. ಮೊದಲ ಬಿರುಕಿನ ಬಳಿಕ ಮರಿಯು ಅರ್ಧ ದಿನ, ಕೆಲವೊಮ್ಮೆ ಇಡೀ ದಿನ ದಣಿವಾರಿಸಿಕೊಳ್ಳುತ್ತದೆ. ಆ ಅವಧಿಯಲ್ಲಿ ಹಳದಿಯ ಶೇಷವನ್ನು ಹೊಟ್ಟೆಯೊಳಗೆ ಎಳೆದುಕೊಳ್ಳುತ್ತದೆ. ಚಿಪ್ಪಿನೊಳಗಿನ ಪೊರೆಯ ರಕ್ತನಾಳಗಳು ಬತ್ತುತ್ತವೆ. ಅವಸರದಿಂದ ನಾವು ಚಿಪ್ಪು ಕಿತ್ತರೆ ರಕ್ತ ಹರಿದು ಮರಿ ಸಾಯಬಹುದು. ಉತ್ತರ ಹೇಳಲು ತಡವರಿಸುವ ಮಗುವಿನ ಬಾಯಿಂದ ಉತ್ತರವನ್ನು ಕಸಿದುಕೊಳ್ಳುವ ಅಧ್ಯಾಪಕರು, ನಾನೂ ಸೇರಿದಂತೆ, ಇದನ್ನೊಮ್ಮೆ ನೋಡಬೇಕು.

ಮೂರನೆಯದು ಮರಿಗಳ ಮೊದಲ ತಿಂಗಳು. ಹೊಟ್ಟೆ ಸೇರಿದ ಆ ಹಳದಿಯ ಬಲದಿಂದ ಮೊದಲ ದಿನ ಮರಿಗೆ ಆಹಾರವಿಲ್ಲದಿದ್ದರೂ ನಡೆಯುತ್ತದೆ, ಬೆಚ್ಚಗಿರುವುದು ಮುಖ್ಯ. ತಾಯಿಯಿದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಪೆಟ್ಟಿಗೆಯೊಳಗೆ ಬಲ್ಬು ತೂಗುಹಾಕಿ ಮೊದಲ ವಾರ 35 ಡಿಗ್ರಿ ಸೆಲ್ಸಿಯಸ್ ಶಾಖವಿರಿಸಿ, ಬಳಿಕ ವಾರಕ್ಕೆ ಮೂರು ಡಿಗ್ರಿಯಂತೆ ತಗ್ಗಿಸಬೇಕು. ಮರಿಗಳು ಬಲ್ಬಿನಡಿ ಗುಂಪುಗೂಡಿದರೆ ಚಳಿಯೆಂದೂ, ಬಾಯ್ತೆರೆದು ದೂರ ಸರಿದರೆ ಸೆಕೆಯೆಂದೂ ತಿಳಿಯಬೇಕು. ಹಾಸಲು ನುಣುಪಾದ ಪತ್ರಿಕೆಯ ಕಾಗದ ಬೇಡ. ಕಾಲು ಜಾರಿ ಎರಡು ಕಡೆಗೆ ಅಗಲಿಹೋಗುತ್ತದೆ. ನೀರಿನ ತಟ್ಟೆ ಆಳವಿಲ್ಲದಿರಲಿ, ಅದರಲ್ಲಿ ಕೆಲವು ಬೆಣಚುಕಲ್ಲುಗಳಿರಲಿ. ಬರಿಯ ನುಚ್ಚಕ್ಕಿಯಿಂದ ಮರಿ ಬೆಳೆಯದು; ನೂರಕ್ಕೆ ಇಪ್ಪತ್ತರಷ್ಟು ಪ್ರೋಟೀನಿರುವ ಮರಿಗಳ ಆಹಾರವೇ ಬೇಕು. ಮೊಟ್ಟೆಯಿಡುವ ಕೋಳಿಗಳ ಆಹಾರದಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ ಅದು ಮರಿಗಳಿಗೆ ತರವಲ್ಲ. ಗೆದ್ದಲು ಸಿಕ್ಕಿದರೆ ಅವುಗಳಿಗೆ ಹಬ್ಬ.

ರೋಗಗಳಲ್ಲಿ ರಾಣಿಖೇತ್ ಭಯಂಕರವಾದುದು. ಐದರಿಂದ ಏಳು ದಿನದ ಮರಿಗೆ ಕಣ್ಣಿಗೋ ಮೂಗಿಗೋ ಒಂದು ತೊಟ್ಟು ಲಸಿಕೆ ಹಾಕಿಸಬೇಕು. ಮುಂದಿನ ಲಸಿಕೆಗಳ ವಿಚಾರವನ್ನು ಮೃಗಾಸ್ಪತ್ರೆಯ ವೈದ್ಯರಲ್ಲಿ ಕೇಳಿ ನಡೆದುಕೊಳ್ಳಬೇಕು. ಲಸಿಕೆಯ ಒಂದು ಸೀಸೆ ನೂರಾರು ಮರಿಗಳಿಗೆ ಸಾಕಾಗುವಂತಹುದು. ತೆರೆದ ಮೇಲೆ ಕೆಲವೇ ಗಂಟೆಗಳಲ್ಲಿ ಮುಗಿಸಬೇಕು. ಆದುದರಿಂದ ನೆರೆಕರೆಯವರೆಲ್ಲ ಒಂದೇ ದಿನ ಹಾಕಿಸುವ ಏರ್ಪಾಡು ಮಾಡಿಕೊಂಡಿದ್ದೇವೆ. ಮಳೆಗಾಲದ ತೇವದಲ್ಲಿ ರಕ್ತಭೇದಿಯೂ ಹರಡುತ್ತದೆ; ಅದಕ್ಕೂ ಒಣ ಹಾಸೇ ಮೊದಲ ಮದ್ದು.

ದೊಡ್ಡವಾದ ಮೇಲೆ ಜುಟ್ಟಿನ ಗರಿಗಳನ್ನು ಕಣ್ಣಿನ ಮುಂದೆ ಸ್ವಲ್ಪ ಕತ್ತರಿಸಿದರೆ ಗಿಡುಗ ಎರಗುವುದು ಕೋಳಿಗೆ ಕಾಣುತ್ತದೆ. ದೊಡ್ಡ ಜುಟ್ಟಿನ ಕೆಲವು ಕೋಳಿಗಳ ತಲೆಬುರುಡೆ ಪೂರ್ತಿ ಕೂಡಿರುವುದಿಲ್ಲ. ಊರ ಹುಂಜದ ಒಂದು ಕುಕ್ಕೂ ಅಪಾಯ. ಹೀಗಾಗಿ ಇವುಗಳನ್ನು ಬೇರೆಯಾಗಿಯೇ ಸಾಕಬೇಕು. ಹುಂಜ ಯಾವುದು, ಹೇಂಟೆ ಯಾವುದು ಎಂದು ತಿಳಿಯಲು ನಾಲ್ಕೈದು ತಿಂಗಳಾದರೂ ಕಾಯಬೇಕು.

ಧನು ತಿಂಗಳ ಮರಿಗಳು

ಅದೇ ವರ್ಷ ಧನು ತಿಂಗಳಲ್ಲಿ ಆ ಹೇಂಟೆ ಮತ್ತೆ ಕಾವಿಗೆ ಕೂತಿತು. ಈ ಸಲ ನೆರೆಮನೆಯ ಅಕ್ಕ ತಮ್ಮ ಮೂರು ಊರಮೊಟ್ಟೆಗಳನ್ನು ಸೆರಗಿನಲ್ಲಿ ತಂದು, “ಇದರ ಹೊಟ್ಟೆಯಡಿಗೆ ಇವುಗಳನ್ನೂ ಇಡಿ ಮಾಷ್ಟ್ರೇ,” ಎಂದರು. ನಾಲ್ಕು ಅದರ ಸ್ವಂತದ್ದು, ಮೂರು ಪರರದ್ದು. ಏಳರಲ್ಲಿ ಆರು ಮರಿಗಳಾದವು. ಹೊಸತಾಗಿ ಹುಟ್ಟಿದ ರೇಷ್ಮೆ ಮರಿಯ ತುಪ್ಪಳ ಇತರ ಮರಿಗಳಂತೆಯೇ ಇರುತ್ತದೆ. ಕಪ್ಪು ಕಾಲು ಮತ್ತು ಐದನೆಯ ಬೆರಳಿನಿಂದಲೇ ಗುರುತು. ಆ ಗುರುತು ಬೇಕಾದುದು ನಮಗೆ. ತಾಯಿಗೆ ಅದು ಬೇಕಾಗಲಿಲ್ಲ. ಆರನ್ನೂ ಒಂದೇ ಸಮನಾಗಿ ರೆಕ್ಕೆಯಡಿಗೆ ಎಳೆದುಕೊಂಡಿತು. ಆರೂ ಬದುಕಿದವು.

ಮೊಟ್ಟೆಯ ಅಥವಾ ಮಾಂಸದ ಲಾಭಕ್ಕಾಗಿ ರೇಷ್ಮೆ ಕೋಳಿ ಸಾಕುವವರು ನಿರಾಶರಾದಾರು. ವರ್ಷಕ್ಕೆ ನೂರರ ಆಸುಪಾಸಿನ ಸಣ್ಣ ಮೊಟ್ಟೆಗಳು. ಅದರಲ್ಲೂ ಕಾವಿನ ತಿಂಗಳುಗಳು ಕಳೆಯಬೇಕು. ಆದರೆ ಮಕ್ಕಳಿರುವ ಮನೆಗೆ ಇದಕ್ಕಿಂತ ಸಾಧುವಾದ ಪಕ್ಷಿ ಸಿಗದು. ಪರರ ಮೊಟ್ಟೆಗೆ ಕಾವು ಕೊಡುವ ಸಾಕುತಾಯಿಯಾಗಿಯೂ ಇದರ ಉಪಕಾರ ದೊಡ್ಡದು. ತರಬೇಕೆಂದಿರುವವರಿಗೆ ನನ್ನ ವಿನಂತಿ ಇಷ್ಟೆ: ಮೊದಲು ಮಾಡು ಹಾಕಿಸಿ, ಆಮೇಲೆ ಕೋಳಿ ತನ್ನಿ.

ಈಗಲೂ ಜೂನಿನಲ್ಲಿ ಮೋಡ ಕವಿದೊಡನೆ ಅಮ್ಮ ಜಗಲಿಯಿಂದ, “ಬಿಳಿಕೋಳಿಯನ್ನು ಒಳಗೆ ಹಾಕಿದಿರಾ?” ಎಂದು ಕೇಳುತ್ತಾರೆ. ಹಾಕಿದ್ದೇವೆಂದು ಯಾರಾದರೊಬ್ಬರು ಉತ್ತರ ಕೊಡುವ ತನಕ ಅವರು ಒಳಗೆ ಹೋಗುವುದಿಲ್ಲ.