ಡಾಕ್ಟರ್ ನೊವೆಲ್ ಅವರೂ ಮೋಟು ವರ್ಣತಂತುವೂ

ಕ್ಯಾನ್ಸರ್ ಎಂಬ ಹೆಸರು ಮನೆಯನ್ನು ಹೊಕ್ಕೊಡನೆ ನಮ್ಮ ಜನರಲ್ಲಿ ಏಳುವ ಪ್ರಶ್ನೆ ಔಷಧದ ಕುರಿತಾದುದಲ್ಲ, "ಇದು ಮಕ್ಕಳಿಗೂ ಬರುವುದೋ?" ಎಂಬುದೇ. ಮದುವೆಯಾಗಬೇಕಾದ ಹೆಣ್ಣುಮಕ್ಕಳಿರುವ ಮನೆಗಳಲ್ಲಿ ಈ ಅಂಜಿಕೆಯಿಂದ ರೋಗವನ್ನೇ ಮುಚ್ಚಿಡುವುದುಂಟು. ಆದುದರಿಂದ ಒಬ್ಬ ರೋಗವಿಜ್ಞಾನಿಯ ಕೆಲಸವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಇಲ್ಲಿ ತಿಳಿಸಬಯಸುತ್ತೇನೆ. ರೋಗಿಯ ಹಾಸಿಗೆಯ ಬಳಿ ಹೆಚ್ಚಾಗಿ ಕಾಣಿಸಿಕೊಳ್ಳದೆ, ಅವನ ರಕ್ತವನ್ನೂ ಮಾಂಸದ ತುಣುಕನ್ನೂ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವನ್ನು ನಿರ್ಣಯಿಸುವ ವೈದ್ಯರೇ ರೋಗವಿಜ್ಞಾನಿಗಳು.

ಡಾಕ್ಟರ್ ಪೀಟರ್ ನೊವೆಲ್ ಅವರು 1956ರಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ರಕ್ತದ ಕ್ಯಾನ್ಸರನ್ನು ಅಭ್ಯಸಿಸತೊಡಗಿದರು. ಒಂದು ಸಲ ಗಾಜಿನ ಪಟ್ಟಿಯ ಮೇಲಿದ್ದ ಜೀವಕಣಗಳನ್ನು ಅವರು ಸಾಮಾನ್ಯ ನಲ್ಲಿಯ ನೀರಿನಲ್ಲಿ ತೊಳೆದರು. ನೀರು ಒಳಹೊಕ್ಕು ಕಣಗಳು ಉಬ್ಬಿದವು. ಅವುಗಳೊಳಗೆ ಒತ್ತಾಗಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿ ಕಣ್ಣಿಗೆ ಬಿದ್ದವು. ವರ್ಣತಂತುಗಳ ವಿದ್ಯೆ ತಮಗೆ ತಿಳಿಯದಿದ್ದುದರಿಂದ ಅವರು ಸುಮ್ಮನಿರಲಿಲ್ಲ. ಅದನ್ನು ಬಲ್ಲ ಡೇವಿಡ್ ಹಂಗರ್‌ಫರ್ಡ್ ಎಂಬ ವಿದ್ಯಾರ್ಥಿಯನ್ನು ಹುಡುಕಿ ಜೊತೆಗೂಡಿಸಿಕೊಂಡರು. ಡಾಕ್ಟರರು ವಿದ್ಯಾರ್ಥಿಯ ಸಹಾಯ ಬೇಡಿದುದು ನನಗೆ ಬಹಳ ಮೆಚ್ಚಿಗೆಯಾದ ಸಂಗತಿ. 1960ರಲ್ಲಿ ಇವರಿಬ್ಬರೂ, ನಿಧಾನವಾಗಿ ಬೆಳೆಯುವ ಒಂದು ಬಗೆಯ ರಕ್ತದ ಕ್ಯಾನ್ಸರಿನಲ್ಲಿ ಒಂದು ವರ್ಣತಂತು ಮೋಟಾಗಿರುವುದೆಂದು ಪ್ರಕಟಿಸಿದರು.

ತುಂಡಾದ ಭಾಗವು ಎಲ್ಲಿ ಹೋಯಿತು? ಶಿಕಾಗೋ ನಗರದ ಡಾಕ್ಟರ್ ಜಾನೆಟ್ ರೌಲಿಯಮ್ಮನವರು ವರ್ಣತಂತುಗಳ ಛಾಯಾಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಕತ್ತರಿಸಿ ಜೋಡಿಸುತ್ತಿದ್ದರು. ತಾಯಿ ಕಾಗದದ ಬೊಂಬೆಯಾಡುತ್ತಿರುವಳೆಂದು ಮಕ್ಕಳು ನಗುತ್ತಿದ್ದರಂತೆ! 9ನೆಯ ಮತ್ತು 22ನೆಯ ವರ್ಣತಂತುಗಳು ತಮ್ಮ ತುಂಡುಗಳನ್ನು ಅದಲುಬದಲು ಮಾಡಿಕೊಂಡಿವೆಯೆಂದು 1973ರಲ್ಲಿ ಅವರು ತೋರಿಸಿದರು. ಈ ತಪ್ಪು ಜೋಡಣೆಯಿಂದ ಹುಟ್ಟುವ ಒಂದು ಪದಾರ್ಥವು ಬಿಳಿಯ ರಕ್ತಕಣಗಳನ್ನು ಎಡೆಬಿಡದೆ ಹೆಚ್ಚಿಸುತ್ತದೆ. ಅದನ್ನೇ ತಡೆಯುವ ಇಮ್ಯಾಟಿನಿಬ್ ಗುಳಿಗೆಗೆ ಅಮೆರಿಕದಲ್ಲಿ 2001ರಲ್ಲಿ ಅಪ್ಪಣೆ ದೊರೆಯಿತು. ಮುಂಚೆ ಕೆಲವೇ ವರ್ಷಗಳಲ್ಲಿ ತೀರಿಹೋಗುತ್ತಿದ್ದ ಅನೇಕರು ಈಗ ಗುಳಿಗೆ ನುಂಗುತ್ತಾ ಸಂಸಾರ ನಡಿಸುತ್ತಾರೆ. ಸಾವಿರಾರು ಕಣಗಳ ನಡುವೆ ಒಂದೇ ರೋಗಕಣವು ಉಳಿದಿದ್ದರೂ ಇಂದಿನ ರಕ್ತಪರೀಕ್ಷೆಯು ಅದನ್ನು ಕಂಡುಹಿಡಿಯಬಲ್ಲದು.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ಈ ಮೋಟು ವರ್ಣತಂತು ತಾಯಿತಂದೆಗಳಿಂದ ಬಂದುದಲ್ಲ. ರೋಗಿಯು ಹುಟ್ಟಿದ ಎಷ್ಟೋ ವರ್ಷಗಳ ಮೇಲೆ ಎಲುಬಿನ ಮಜ್ಜೆಯ ಒಂದೇ ಕಣದಲ್ಲಿ ಅದು ಉಂಟಾಗುತ್ತದೆ. ಮಕ್ಕಳಿಗೆ ದಾಟುವುದಿಲ್ಲ, ಮುಟ್ಟಿದರೆ ಅಂಟುವುದೂ ಇಲ್ಲ. ಇಂಥ ರೋಗಿಯ ಮಗಳನ್ನು ಬೇಡವೆನ್ನುವುದಕ್ಕೆ ಯಾವ ಕಾರಣವೂ ಇಲ್ಲ.

ಎಲ್ಲಾ ಕ್ಯಾನ್ಸರುಗಳೂ ಹೀಗೆಯೇ ಎಂದು ನಾನು ಹೇಳಲಾರೆನು. ಸ್ತನದ ಮತ್ತು ಅಂಡಾಶಯದ ಕ್ಯಾನ್ಸರುಗಳಲ್ಲಿ ಒಂದು ಸಣ್ಣ ಪಾಲು ವಂಶದಲ್ಲಿ ಇಳಿದುಬರುವುದುಂಟು. ಅದಕ್ಕೆ ಕಾರಣವಾದ ಒಂದು ಜೀನನ್ನು 1994ರಲ್ಲಿ ಗುರುತಿಸಿದರು. ಆದರೆ ಈ ದೋಷವು ತಾಯಿಯಿಂದ ಬರುವಂತೆಯೇ ತಂದೆಯಿಂದಲೂ ಬರಬಹುದು; ಸೊಸೆಯ ತವರನ್ನು ಮಾತ್ರ ದೂರುವುದು ಅನ್ಯಾಯ. ಅಂಥ ಮನೆಯವರು ಬಲ್ಲ ವೈದ್ಯರೊಡನೆ ಮಾತಾಡಿ, ಮೊದಲು ರೋಗವಿದ್ದವರ ರಕ್ತವನ್ನು ಪರೀಕ್ಷಿಸಿಕೊಳ್ಳುವುದು ಉತ್ತಮ. ಅವರಲ್ಲಿ ದೋಷವು ಕಂಡರೆ ಹೆಣ್ಣುಮಕ್ಕಳನ್ನೂ ಗಂಡುಮಕ್ಕಳನ್ನೂ ಪರೀಕ್ಷಿಸಬಹುದು. ಅದಿಲ್ಲದ ಮಗಳು ಆ ಭಯದಿಂದ ಬಿಡುಗಡೆ ಹೊಂದುವಳು. ಅದಿರುವವಳು ರೋಗ ತಲೆದೋರುವ ಮುಂಚೆಯೇ ತಪಾಸಣೆಯನ್ನು ಆರಂಭಿಸಬಲ್ಲಳು.