ಸಮುದ್ರ ಏರಿತೋ, ಇಳಿಯಿತೋ?

ಲಿಸ್ಬನ್ ನಗರದ ಕಾರ್ಮೊ ಮಠದ ಇಗರ್ಜಿಗೆ ಛಾವಣಿಯಿಲ್ಲವೆಂಬುದನ್ನು ಚಿತ್ರಗಳಲ್ಲಿ ಕಂಡೇ ಹೋಗಿದ್ದೆನಾದರೂ, ಒಳಹೊಕ್ಕು ತಲೆಯೆತ್ತಿದೊಡನೆ, ಮಾಂಸ ಕಳಚಿದ ಪಕ್ಕೆಲುಬುಗಳಂತೆ ಒಂದರ ಹಿಂದೊಂದು ನಿಂತು ಬರಿಯ ಆಕಾಶವನ್ನು ಹೊತ್ತ ಆ ಶಿಲಾಕಮಾನುಗಳನ್ನು ನೋಡಿ ಉಂಟಾದ ಕಳವಳ ಊರಿಗೆ ಮರಳಿದ ಮೇಲೂ ನನ್ನನ್ನು ಬಿಟ್ಟಿಲ್ಲ. ಕಾಲಡಿಗೆ ಹುಲ್ಲು, ಕಮಾನಿನ ನಡುಗಲ್ಲಿನ ಮೇಲೆ ಎರಡು ಪಾರಿವಾಳ. ಅಷ್ಟರಲ್ಲಿ ತುಂತುರು ಮಳೆ ಹಿಡಿಯಲು, ನೋಡುಗರೆಲ್ಲ ಹಿಂಬದಿಯ ವಸ್ತುಸಂಗ್ರಹಾಲಯಕ್ಕೆ, ಪೆರು ದೇಶದ ಮಮ್ಮಿಗಳನ್ನಿಟ್ಟ ಕಡೆಗೆ, ಓಡಿದರು. ಒಂದು ಕಾಲಕ್ಕೆ ಭಕ್ತರು ಮಂಡಿಯೂರಿದ್ದ ನೆಲ ನೆನೆಯುತ್ತಿತ್ತು.

1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಗ್ಗೆ ಒಂಬತ್ತೂವರೆ ದಾಟಿದ ಹೊತ್ತಿಗೆ ಇಲ್ಲಿ ಭೂಮಿ ನಡುಗಿದ ಕಥೆ ಓದುಗರಿಗೆ ಹೊಸತಲ್ಲ. ಹಬ್ಬವಾದಕಾರಣ ಜನ ಇಗರ್ಜಿಗಳಲ್ಲಿದ್ದರು. ದೇವರೆದುರು ಹಚ್ಚಿದ ಮೋಂಬತ್ತಿಗಳು ಉರುಳಿ ಬೆಂಕಿಯೆದ್ದಿತು. ಬೆಂಕಿಗಂಜಿ ತೇಜೊ ನದಿಯ ದಡಕ್ಕೆ ಧಾವಿಸಿದವರನ್ನು ಕಡಲಲೆ ಕೊಂಡೊಯ್ದಿತು. ಸಾಧ್ಯವಿದ್ದ ಲೋಕಗಳಲ್ಲೆಲ್ಲ ಇದೇ ಉತ್ತಮವೆಂದು ಲೈಬ್‌ನಿಟ್ಸ್ 1710ರಲ್ಲಿಯೇ ಸಾಧಿಸಿದ್ದನು. ವೋಲ್ಟೇರ್ ಕವಿತೆ ಬರೆದು ಆ ಸಮಾಧಾನವನ್ನು ಹಂಗಿಸಿದನು. ರೂಸೋ 1756ರಲ್ಲಿ ಅವನಿಗೆ ಕಾಗದ ಬರೆದು, ಆರೇಳು ಅಂತಸ್ತಿನ 20,000 ಮನೆಗಳನ್ನು ಒತ್ತಾಗಿ ಕಟ್ಟಿದ್ದು ಪ್ರಕೃತಿಯಲ್ಲವಷ್ಟೆ ಎಂದು ವಾದಿಸಿದನು. ರೂಸೋನ ಮಾತು ಲೆಕ್ಕಕ್ಕೆ ಸರಿ, ಸಾವಿನ ಮನೆಯಲ್ಲಿ ಆಡತಕ್ಕದ್ದಲ್ಲ.

ಮಳೆಯಲ್ಲಿ ನಿಂತ ನನಗೆ ನೆನಪಾದುದು ನಮ್ಮ ಬ್ರಹ್ಮಸೂತ್ರದ ಭಾಷ್ಯ. ವೈಷಮ್ಯ, ನೈರ್ಘೃಣ್ಯ, ಎಂದರೆ ಪಕ್ಷಪಾತ ಮತ್ತು ನಿರ್ದಯತೆ, ಎಂಬೆರಡು ಆರೋಪಗಳನ್ನು ಸೂತ್ರಕಾರನೇ ಎತ್ತಿಕೊಂಡು, ಜೀವಿಗಳ ಕರ್ಮಕ್ಕನುಗುಣವಾಗಿಯೇ ಈಶ್ವರನು ಸೃಷ್ಟಿಸುವನೆಂದು ಪರಿಹರಿಸುತ್ತಾನೆ; ಶಂಕರರು ಈಶ್ವರನನ್ನು ಮಳೆಗೆ ಹೋಲಿಸಿ, ಮಳೆ ಸಮನಾಗಿ ಸುರಿದರೂ ಭತ್ತ ಜವೆಗಳ ಭೇದ ಬೀಜದ್ದೆನ್ನುತ್ತಾರೆ. ಹೋಲಿಕೆ ಸೊಗಸಾದದ್ದು, ಚಿಕ್ಕಂದಿನಿಂದ ಒಪ್ಪಿಕೊಂಡದ್ದು. ಆದರೂ ಅಷ್ಟು ಸಾವಿರ ಬೀಜಗಳು ಒಂದೇ ಹಬ್ಬದ ಬೆಳಗ್ಗೆ, ಕೆಲವೇ ನಿಮಿಷಗಳೊಳಗೆ, ಒಟ್ಟಿಗೆ ಮಾಗಿದುವೆಂದು ನಂಬಲು ಅಲ್ಲಿ ಮನಸ್ಸು ಒಡಂಬಡಲಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದುದು ಒಂದು ಸರಕಾರಿ ಪ್ರಶ್ನಾವಳಿ. ಮುಂದೆ ಪೊಂಬಾಲಿನ ಮಾರ್ಕ್ವಿಸನೆನಿಸಿದ ಮಂತ್ರಿ ಕರ್ವಾಲ್ಯೊ ಊರೂರ ಪಾದ್ರಿಗಳಿಗೆ ಕಳುಹಿದ ಆ ಕಾಗದದಲ್ಲಿ ದೈವಕೋಪದ ವಿಚಾರಣೆಯೇ ಇಲ್ಲ. ಕಂಪನ ಎಷ್ಟು ಹೊತ್ತು ಇತ್ತು? ಯಾವ ದಿಕ್ಕಿನಿಂದ ಹೆಚ್ಚೆನಿಸಿತು? ಎಷ್ಟು ಮನೆ ಬಿದ್ದುವು? ಬುಗ್ಗೆಗಳ ನೀರು ಹೇಗಾಯಿತು? ಸಮುದ್ರ ಮೊದಲು ಏರಿತೋ, ಇಳಿಯಿತೋ. ಏರಿದ್ದಾದರೆ ಎಷ್ಟು ಗೇಣು? ಈ ಗೇಣಿನ ಮೇಲೆ ನನಗೆ ಮೋಹ. ಪಾಪದ ಆಳವನ್ನು ಅಳೆಯುವುದೇ ವೃತ್ತಿಯಾದ ಪಾದ್ರಿಯೊಬ್ಬನು, ನಿಲುವಂಗಿಯ ತೋಳನ್ನು ಮೇಲಕ್ಕೆ ಸರಿಸಿ, ಗೋಡೆಯ ಮೇಲಿನ ಉಪ್ಪುನೀರಿನ ಗುರುತಿನವರೆಗೆ ಹೆಬ್ಬೆರಳಿನಿಂದ ಕಿರುಬೆರಳಿಗೆ ಗೇಣುಗೇಣಾಗಿ ಎಣಿಸುತ್ತಿರುವ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಮಂತ್ರಿಯನ್ನು ಹೊಗಳುವುದಕ್ಕೂ ಮಿತಿಯುಂಟು. ಜನರ ಪಾಪವೇ ಕಾರಣ, ಪ್ರಕೃತಿಯಲ್ಲ ಎಂದು ಪುಸ್ತಿಕೆ ಅಚ್ಚುಹಾಕಿಸಿದ ಜೆಸ್ವಿಟ್ ವೃದ್ಧ ಮಲಗ್ರೀದನನ್ನು ಅವನು ಊರಿನಿಂದ ಅಟ್ಟಿದನು. 1761ರಲ್ಲಿ, ಮಂತ್ರಿಯ ಒಡಹುಟ್ಟಿದವನೇ ಮುಖ್ಯಸ್ಥನಾಗಿದ್ದ ಧರ್ಮನ್ಯಾಯಾಲಯವು ಆ ಮುದುಕನನ್ನು ಕತ್ತು ಬಿಗಿಸಿ ಕೊಲ್ಲಿಸಿ ಸುಡಿಸಿತು. ಗೇಣಳೆದವರ ಪಕ್ಷದವನಾದ ನಾನು ಇಲ್ಲಿ ತಲೆ ತಗ್ಗಿಸಬೇಕು.

ಉಳಿದುಬಂದ ಉತ್ತರಗಳು ತೊರೆ ದೊ ತೊಂಬು ಪತ್ರಾಗಾರದಲ್ಲಿವೆ. ಕೋಟೆಯ ಗೋಪುರದಲ್ಲಿದ್ದ ಆ ಪತ್ರಾಗಾರವೂ ಅದೇ ಬೆಳಗ್ಗೆ ಕುಸಿಯಿತು. ಕಲ್ಲುಗಳಡಿಯಿಂದ ಹೆಕ್ಕಿದ ಹಳೆಯ ಓಲೆಗಳನ್ನು ಕೆಲಕಾಲ ಗುಡಿಸಲಿನಲ್ಲಿ ಇರಿಸಿಕೊಂಡಿದ್ದರು.